ಸೊಸೆಯ ಪಂಪು, ಮಾವನ ಮೇಲ್ವಿಚಾರಣೆ

ನನ್ನ ಸೊಸೆಯ ಎದೆಹಾಲನ್ನು ನಾನು ನಿಲ್ಲಿಸಿಬಿಟ್ಟೆನೆಂಬ ಒಂದು ಮಾತು ನಮ್ಮ ಬಂಧುವರ್ಗದಲ್ಲಿ ಓಡಾಡುತ್ತಿದೆ. ಮನೆಯಿಂದ ಹೊರಡುವಾಗ ಅಂಬೆಗಾಲಿಡುತ್ತಿದ್ದ ಈ ಮಾತು ನನ್ನ ಷಡ್ಡಕನ ಮನೆ ತಲುಪುವಷ್ಟರಲ್ಲಿ ಕೈಕಾಲು ಬಲಿತು, ನಾನು ಯಂತ್ರವೊಂದನ್ನು ಕೈಯಲ್ಲಿ ಹಿಡಿದು ಬಾಣಂತಿಯನ್ನು ಮನೆತುಂಬ ಅಟ್ಟಿಸಿಕೊಂಡು ಹೋದೆನೆಂಬ ರೂಪ ತಾಳಿದೆ. ಇದು ಅಪ್ಪಟ ಸುಳ್ಳು. ಸದರಿ ಯಂತ್ರದ ತಂತಿ ಮೊಳಕ್ಕಿಂತ ಉದ್ದವಿಲ್ಲ. ಅದನ್ನು ಹಿಡಿದು ಯಾರನ್ನಾದರೂ ಅಟ್ಟುವುದು ತಾಂತ್ರಿಕವಾಗಿ ಅಸಾಧ್ಯ. ಇಡೀ ಊರಿಗೆ ನೀರು ಕುಡಿಸಿದ ಮನುಷ್ಯನ (ಕೆಟ್ಟ ಅರ್ಥದಲ್ಲಲ್ಲ, ನಾನು ನೀರು ಸರಬರಾಜು ಇಲಾಖೆಯಲ್ಲಿ ಪಂಪ್‌ಹೌಸುಗಳ ಎಂಜಿನಿಯರಾಗಿ ನಿವೃತ್ತನಾದವನು) ಮೇಲೆ ಇಂಥ ಆಪಾದನೆ ಬಂದಾಗ, ವಾಸ್ತವಾಂಶಗಳನ್ನು ಓದುಗರ ಅವಗಾಹನೆಗೆ ತರುವುದು ನನ್ನ ಕರ್ತವ್ಯವಾಗುತ್ತದೆ.

ನನ್ನ ಸೊಸೆ ಕೃತಕ ಹಲ್ಲು ತಯಾರಿಸುವ ಲ್ಯಾಬೊಂದರಲ್ಲಿ ಕೆಲಸಗಾರ್ತಿ. ಕೆಲಸಗಾರ್ತಿ ಎಂದರೆ ಸಾಮಾನ್ಯಳಲ್ಲ. ದಂತವೈದ್ಯರು ಕಳಿಸುವ ದವಡೆಯ ಅಚ್ಚು ನೋಡಿಯೇ ಅದರ ಒಡೆಯನ ಸ್ವಭಾವ ಹೇಳಬಲ್ಲಳು. ಹೆರಿಗೆಯ ರಜೆ ಮುಗಿಯುತ್ತ ಬಂದಾಗ ಲ್ಯಾಬಿನ ಯಜಮಾನರು ಫೋನು ಮಾಡಿ, "ಸೋಮವಾರ ಬಂದ್ರೆ ಕುರ್ಚಿ ನಿಮ್ದು. ಬರ್ಲಿಲ್ಲ ಅಂದ್ರೆ ಇನ್ನೊಬ್ಬಾಕೆ ಕಾಯ್ತಾ ಇದಾಳೆ, ನಂದೇನೂ ಬೇಜಾರಿಲ್ಲ," ಎಂದು ಬಹಳ ಸೌಜನ್ಯದಿಂದ ಕತ್ತಿ ತೂಗುಹಾಕಿದ್ದರು. ಇತ್ತ ಮೊಮ್ಮಗಳಿಗೆ ಡಬ್ಬದ ಹಾಲಿನ ಪುಡಿ ಆಗಿಬರುತ್ತಿರಲಿಲ್ಲ. ಪ್ರತಿಸಲ ಕುಡಿಸಿದ್ದನ್ನೂ ಅವಳು ಪ್ರಾಮಾಣಿಕವಾಗಿ ಹಿಂತಿರುಗಿಸುತ್ತಿದ್ದಳು, ಅದೂ ಬಹುತೇಕ ನನ್ನ ಅಂಗಿಯ ಮೇಲೆ. ಹಾಗಾಗಿ ತಾಯಿ ಕೆಲಸಕ್ಕೆ ಹೋಗಬೇಕಾದರೆ ತಾಯಿಯ ಹಾಲು ಮನೆಯಲ್ಲಿ ಉಳಿಯಬೇಕು; ಹಾಲು ಉಳಿಯದಿದ್ದರೆ ತಾಯಿಯೇ ಉಳಿಯಬೇಕು. ಸಮಸ್ಯೆ ಇಷ್ಟು ಸ್ಪಷ್ಟವಾಗಿತ್ತು.

"ಪಂಪ್ ತಗೋಬೇಕು," ಎಂದಳು ಸೊಸೆ, ಊಟದ ಮೇಜಿನ ಬಳಿ.

ಆ ಶಬ್ದ ಕಿವಿಗೆ ಬಿದ್ದದ್ದೇ ತಡ, ನನ್ನ ಬೆನ್ನು ತಾನಾಗಿ ನೆಟ್ಟಗಾಯಿತು. ನಿವೃತ್ತಿಯ ನಂತರ ಈ ಮನೆಯಲ್ಲಿ ನನ್ನ ಜ್ಞಾನದ ವ್ಯಾಪ್ತಿಗೆ ಒಳಪಡುವ ವಿಷಯ ಪ್ರಸ್ತಾಪವಾದದ್ದು ಅದೇ ಮೊದಲು.

"ಎಷ್ಟು ಅಶ್ವಶಕ್ತಿ?" ಎಂದೆ.

ಮಗ ನೀರಿನ ಲೋಟವನ್ನು ಮುಖಕ್ಕೆ ಅಡ್ಡ ಹಿಡಿದ. ಸೊಸೆ ಮಗುವಿನ ಟೋಪಿ ಸರಿಪಡಿಸತೊಡಗಿದಳು (ಟೋಪಿ ಸರಿಯಾಗಿಯೇ ಇತ್ತು).

"ರೀ," ಎಂದಳು ನನ್ನ ಪತ್ನಿ, "ಎದೆಹಾಲು ತೆಗೆಯೋ ಪಂಪು. ಬಾವಿಗೆ ಇಳಿಸೋದಲ್ಲ."

"ಪಂಪು ಪಂಪೇ," ಎಂದೆ. "ಈ ಕಡೆ ದ್ರವ, ಆ ಕಡೆ ಪಾತ್ರೆ, ನಡುವೆ ನಿರ್ವಾತ. ತತ್ತ್ವ ಎಲ್ಲ ಕಡೆ ಒಂದೇ."

"ಅಪ್ಪ, ನಾನು ಫೋನಲ್ಲೇ ಆರ್ಡರ್ ಮಾಡ್ತೀನಿ ಬಿಡಿ," ಎಂದ ಮಗ. "ಬಳಸಿದವ್ರು ಸ್ಟಾರ್ ಕೊಟ್ಟಿರ್ತಾರೆ, ಅದನ್ನ ನೋಡಿ ತಗೊಂಡ್ರಾಯ್ತು."

"ಸ್ಟಾರ್ ಕೊಡುವವರು ಯಾರು? ಅವರ ಅರ್ಹತೆ ಏನು?"

"ತಾಯಂದಿರು ಅಪ್ಪ."

"ಅಂದರೆ ಬಳಕೆದಾರರು. ತಾಂತ್ರಿಕ ಪರಿಣತರಲ್ಲ."

ಮಗ ರೈಲಿನಲ್ಲಿ ಟಿಕೆಟ್ ಪರೀಕ್ಷಕ. ಮರುದಿನ ಬೆಳಿಗ್ಗೆಯೇ ಡ್ಯೂಟಿಗೆ ಹೊರಡಬೇಕಿತ್ತು. ವಾದಕ್ಕೆ ಅವನಲ್ಲಿ ಸಮಯವಿರಲಿಲ್ಲ, ನನ್ನಲ್ಲಿ ಸಮಯವಲ್ಲದೆ ಬೇರೇನೂ ಇರಲಿಲ್ಲ. ಖರೀದಿಯ ಹೊಣೆ ಸಹಜವಾಗಿ ನನ್ನ ಹೆಗಲೇರಿತು.

ಮಕ್ಕಳ ಸಾಮಾನಿನ ಅಂಗಡಿಗೆ ನಾನೂ ಪತ್ನಿಯೂ ಹೋದೆವು. ಅವಳು ಬಂದದ್ದು ಸಹಾಯಕ್ಕೆಂದು ನಾನು ಭಾವಿಸಿದ್ದೆ. ಕಾವಲಿಗೆಂದು ಆಮೇಲೆ ತಿಳಿಯಿತು. ಕೌಂಟರಿನ ಹುಡುಗಿ "ಏನ್ ಬೇಕು ಅಂಕಲ್?" ಎಂದಾಗ ನಾನು ದನಿ ತಗ್ಗಿಸಿ, "ನವಜಾತ ಶಿಶುವಿನ ಆಹಾರವನ್ನು ಮೂಲದಿಂದ ಸಂಗ್ರಹಿಸುವ ಸಾಧನ," ಎಂದೆ. ಅವಳು ಪ್ಲಾಸ್ಟಿಕ್ ಚಮಚವೊಂದನ್ನು ತೋರಿಸಿದಳು. ಪತ್ನಿ ಇಡೀ ಅಂಗಡಿಗೆ ಕೇಳುವಂತೆ ಸರಿಯಾದ ಹೆಸರು ಹೇಳಿದಳು. ತೊಟ್ಟಿಲು ನೋಡುತ್ತಿದ್ದ ಇಬ್ಬರು ಗಂಡಸರು ತಿರುಗಿ ನನ್ನನ್ನು ನೋಡಿದರು.

ಹುಡುಗಿ ಮೊದಲು ತಂದದ್ದು ಕೈಯಲ್ಲಿ ಒತ್ತುವ ಪಂಪು.

"ಇದೇ ಸಾಕು," ಎಂದಳು ಪತ್ನಿ. "ಹಗುರ ಇದೆ, ಸದ್ದಿಲ್ಲ."

"ನಮ್ಮ ಇಲಾಖೆ ಕೈಪಂಪನ್ನು ಕೈಬಿಟ್ಟು ಎಷ್ಟು ಕಾಲವಾಯಿತು ಗೊತ್ತೇ?" ಎಂದು ಕೇಳಿ, ವಿದ್ಯುತ್ತಿನದನ್ನು ತರಿಸಿದೆ. ಅದರ ಪೆಟ್ಟಿಗೆಯ ಮೇಲೆ ಆಸ್ಪತ್ರೆಯ ದರ್ಜೆಯದೆಂದು ದಪ್ಪ ಅಕ್ಷರಗಳಲ್ಲಿತ್ತು. "ಇದು ಉಂಟುಮಾಡುವ ನಿರ್ವಾತದ ಪ್ರಮಾಣ ಎಷ್ಟಮ್ಮ? ಹಿಮ್ಮುಖ ಹರಿವು ತಡೆಯುವ ವಾಲ್ವ್ ಯಾವ ನಮೂನೆಯದು?"

ಹುಡುಗಿ ಪೆಟ್ಟಿಗೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಪಿಂಕ್ ಕಲರಲ್ಲೂ ಬರುತ್ತೆ ಅಂಕಲ್," ಎಂದಳು.

ನಂತರ ಅವಳು ಕೇಳಿದ ಪ್ರಶ್ನೆಗೆ ನಾನು ಸಿದ್ಧನಿರಲಿಲ್ಲ. ಮೈಗೆ ಹಿಡಿದುಕೊಳ್ಳುವ ಆಲಿಕೆಯಂಥ ಭಾಗ ಒಂದಿದೆ. ಅದು ಹಲವು ಅಳತೆಗಳಲ್ಲಿ ಬರುತ್ತದೆ. ಹುಡುಗಿ ಅವನ್ನೆಲ್ಲ ಗಾಜಿನ ಮೇಲೆ ಸಾಲಾಗಿ ಇಟ್ಟು, "ಯಾವ ಸೈಜು ಅಂಕಲ್?" ಎಂದಳು.

ನಾನು ಚಾವಣಿಯ ಕಡೆ ನೋಡಿದೆ. ಅಂಗಡಿಯ ಫ್ಯಾನಿನ ರೆಕ್ಕೆಗಳಿಗೆ ಧೂಳು ಮೆತ್ತಿತ್ತು.

"ಅವಳಿಗೇ ಫೋನ್ ಮಾಡಿ ಕೇಳ್ತೀನಿ," ಎಂದು ಪತ್ನಿ ಕೈಚೀಲಕ್ಕೆ ಕೈಹಾಕಿದಳು.

ತೊಟ್ಟಿಲು ನೋಡುತ್ತಿದ್ದ ಗಂಡಸರು ಈಗ ತೊಟ್ಟಿಲು ನೋಡುವುದನ್ನು ಪೂರ್ತಿ ನಿಲ್ಲಿಸಿದ್ದರು. ಅಂಥ ಸನ್ನಿವೇಶದಲ್ಲಿ ಮನೆತನದ ಮರ್ಯಾದೆ ಕಾಪಾಡುವುದು ಅನಿವಾರ್ಯವಾಯಿತು. "ಫೋನು ಬೇಡ. ದೊಡ್ಡದು ಕೊಡಿ," ಎಂದೆ. ಇದು ಆತುರದ ನಿರ್ಧಾರವಲ್ಲ. ಹೀರುವ ಬಾಯಿ ಅಗಲವಾದಷ್ಟೂ ಹರಿವು ಸಲೀಸು. ಅಳತೆಯ ಬಗ್ಗೆ ಸಂದೇಹ ಬಂದಾಗ ನಮ್ಮ ಇಲಾಖೆ ಯಾವತ್ತೂ ದೊಡ್ಡ ಕೊಳವೆಯನ್ನೇ ಹಾಕುತ್ತಿತ್ತು. ದೊಡ್ಡ ಕೊಳವೆ ಹಾಕಿದ ತಪ್ಪಿಗೆ ಅಮಾನತಾದ ಒಬ್ಬನೇ ಒಬ್ಬ ಎಂಜಿನಿಯರನ್ನು ನಾನು ಕಂಡಿಲ್ಲ.

ಮನೆಗೆ ತಂದ ಮೇಲೆ ಯಂತ್ರವನ್ನು ಪರೀಕ್ಷಿಸದೆ ಬಳಕೆಗೆ ಕೊಡುವುದು ಬೇಜವಾಬ್ದಾರಿ. ಹೀರುವ ಶಕ್ತಿಯನ್ನು ಅಂಗೈ ಮೇಲೆ ನೋಡಿದೆ. ಅಂಗೈ ಒರಟು, ಫಲಿತಾಂಶ ತೃಪ್ತಿಕರವಾಗಿರಲಿಲ್ಲ. ಚರ್ಮ ನಯವಾಗಿರುವ, ಸಮತಟ್ಟಾದ ಜಾಗ ನನ್ನ ದೇಹದಲ್ಲಿ ಇರುವುದು ಒಂದೇ, ಅದು ಹಣೆ. ಯಂತ್ರ ಅತ್ಯುತ್ತಮವಾಗಿ ಕೆಲಸ ಮಾಡಿತು. ಎಷ್ಟೆಂದರೆ, ಅದನ್ನು ಬಿಡಿಸಲು ಪತ್ನಿಯನ್ನು ಕರೆಯಬೇಕಾಯಿತು. ಅವಳು ಗುಂಡಿ ಒತ್ತಿ ಆರಿಸಿ, ಆಲಿಕೆ ಕಿತ್ತು, ಎಲ್ಲ ಭಾಗಗಳನ್ನೂ ಕುದಿಯುವ ನೀರಿಗೆ ಹಾಕಿದಳು. ಹಣೆಯ ಮೇಲೆ ದುಂಡನೆಯ ಕೆಂಪು ಮುದ್ರೆಯೊಂದು ಉಳಿಯಿತು. ಸಂಜೆ ಗೇಟಿನ ಬಳಿ ಪಕ್ಕದ ಮನೆಯ ದರ್ಜಿ, "ಏನ್ ಸಾರ್ ಅದು?" ಎಂದು ಕೇಳಿದ. ಸುಳ್ಳು ಹೇಳುವ ಅಭ್ಯಾಸ ನನಗಿಲ್ಲ. "ಸೊಸೆಯ ಪಂಪು," ಎಂದೆ. ಬಂಧುವರ್ಗದ ಮಾತು ಹುಟ್ಟಿದ್ದು ಈ ಗೇಟಿನಲ್ಲೇ ಎಂದು ನನ್ನ ಬಲವಾದ ಅನುಮಾನ.

ಮರುದಿನ ಪಂಪಿನ ಕಾರ್ಯಾರಂಭ. ಸೊಸೆ ಕೋಣೆಯ ಬಾಗಿಲು ಹಾಕಿಕೊಂಡಳು. ನಾನು ಹೊರಗೆ, ಬಾಗಿಲಿಗೆ ಹತ್ತಿರವಾಗಿ, ಆದರೆ ಸಭ್ಯತೆಯ ದೂರದಲ್ಲಿ ಒಂದು ಕುರ್ಚಿ ಹಾಕಿಕೊಂಡು ಕುಳಿತೆ. ಯಂತ್ರ ಗುರುಗುಟ್ಟತೊಡಗಿತು.

"ಬಂತೇನಮ್ಮಾ?"

"ಈಗಷ್ಟೇ ಹಾಕ್ಕೊಂಡೆ ಮಾವ."

ಸ್ವಲ್ಪ ಹೊತ್ತು ಬಿಟ್ಟೆ. "ಹರಿವು ಆರಂಭವಾಯಿತೇ?"

ಯಂತ್ರದ ಸದ್ದಿಗೆ ಕಿವಿಗೊಟ್ಟೆ.

"ಸದ್ದು ಒಣಗಿದ ಹಾಗಿದೆ. ಎಲ್ಲೋ ಗಾಳಿ ಎಳೆಯುತ್ತಿದೆ. ಒತ್ತಿ ಹಿಡಿ."

"ಮಾವ, ದಯವಿಟ್ಟು."

"ಸಂಕೋಚ ಬೇಡ. ವೇಗ ಒಂದು ಹಂತ ಏರಿಸು."

ಒಳಗೆ ಯಂತ್ರ ನಿಂತಿತು. ಸೊಸೆ ಹೊರಗೆ ಬಂದಾಗ ಅವಳ ಕಣ್ಣು ಕೆಂಪಾಗಿತ್ತು. ಬಾಟಲಿಯ ತಳ ಬರೀ ಒದ್ದೆಯಾಗಿತ್ತು. ಮಧ್ಯಾಹ್ನದ ಪ್ರಯತ್ನದಲ್ಲೂ ಅಷ್ಟೇ, ಸಂಜೆಯದರಲ್ಲೂ ಅಷ್ಟೇ. ನಾನು ವಾಲ್ವ್ ಬಿಚ್ಚಿ ಜೋಡಿಸಿದೆ, ನಳಿಕೆ ಊದಿ ನೋಡಿದೆ, ವಿದ್ಯುತ್ತಿನ ಒತ್ತಡ ಪರೀಕ್ಷಿಸಿದೆ. ಯಂತ್ರದಲ್ಲಿ ದೋಷವಿರಲಿಲ್ಲ. ತಾರ್ಕಿಕವಾಗಿ ಉಳಿಯುವುದು ಮೂಲ. "ಮೂಲದಲ್ಲೇ ಕೊರತೆ ಇರಬಹುದೇ?" ಎಂದು ನಾನು ಅತ್ಯಂತ ಮೃದುವಾಗಿ ಕೇಳಿದ್ದಕ್ಕೆ ಪತ್ನಿ ಸೌಟು ಕೆಳಗಿಟ್ಟು ನನ್ನತ್ತ ತಿರುಗಿದಳು.

"ಮಗು ಕುಡಿದು ಕುಡಿದು ಚೆಂಡಿನ ಥರ ಆಗಿದೆ. ಮೂಲದಲ್ಲಿ ಕೊರತೆಯಂತೆ. ಆ ಹುಡುಗಿಗೆ ನೋವಾಗ್ತಿದೆ ಕಣ್ರೀ, ಬಾಯ್ಬಿಟ್ಟು ಹೇಳೋಕಾಗ್ದೆ ಒದ್ದಾಡ್ತಿದಾಳೆ. ಸೋಮವಾರ ಹತ್ರ ಬಂತು ಅಂತ ಅವಳಿಗೆ ಅನ್ನ ಸೇರ್ತಿಲ್ಲ."

ಶನಿವಾರ ಸೊಸೆ ತನ್ನ ಕೆಲಸದ ಅಳತೆಕಡ್ಡಿಯನ್ನು ಚೀಲದಿಂದ ತೆಗೆದಳು. ಹಲ್ಲಿನ ಅಗಲವನ್ನು ಕೂದಲೆಳೆಯಷ್ಟೂ ತಪ್ಪದೆ ಅಳೆಯುವ ಉಪಕರಣ ಅದು. ಅದನ್ನೂ ಆಲಿಕೆಯನ್ನೂ ಹಿಡಿದು ಕೋಣೆಗೆ ಹೋಗಿ, ಬಂದು ಮೇಜಿನ ಮುಂದೆ ಕುಳಿತಳು.

"ಮಾವ, ಬಾಯಿಗಿಂತ ದೊಡ್ಡ ಹಲ್ಲುಸೆಟ್ಟು ಕೊಟ್ರೆ ಏನಾಗುತ್ತೆ?"

"ಜಾರುತ್ತದೆ. ವಸಡು ಉಜ್ಜುತ್ತದೆ. ಅಗಿಯಲು ಬರುವುದಿಲ್ಲ," ಎಂದೆ. ಪ್ರಶ್ನೆ ಸುಲಭವಾಗಿತ್ತು.

"ಇದೂ ಅಷ್ಟೇ," ಎಂದು ಆಲಿಕೆಯನ್ನು ನನ್ನ ಮುಂದಿಟ್ಟಳು.

"ಆದರೆ ಅಗಲವಾದ ಬಾಯಿಯಿಂದ ಹರಿವು..."

"ಮಾವ, ಇದು ಹೊಳೆ ಅಲ್ಲ."

ಡ್ಯೂಟಿ ಮುಗಿಸಿ ಬರುವ ದಾರಿಯಲ್ಲಿ ಮಗ ಚಿಕ್ಕ ಆಲಿಕೆ ತಂದ. ನೋವು ನಿಂತಿತು, ಆದರೆ ಬಾಟಲಿ ತುಂಬಲಿಲ್ಲ. ತೊಟ್ಟು ತೊಟ್ಟಾಗಿ ಬಂದು, ನಾನು "ಈಗ ಹೇಗಿದೆ?" ಎಂದು ವಿಚಾರಿಸಿದ ಕೂಡಲೇ ನಿಲ್ಲುತ್ತಿತ್ತಂತೆ. ಭಾನುವಾರ ಬೆಳಿಗ್ಗೆ ನಾನು ಕುರ್ಚಿ ಹಾಕಲು ಹೋದರೆ ಕುರ್ಚಿಯೇ ಇರಲಿಲ್ಲ. ಅದರ ಬದಲು ಪತ್ನಿ ನನ್ನ ಚಪ್ಪಲಿ ಹಿಡಿದು ನಿಂತಿದ್ದಳು.

"ಪಾರ್ಕಿಗೆ ಹೋಗಿ ಸ್ವಲ್ಪ ಹೊತ್ತು ಕೂತ್ಕೊಂಡು ಬನ್ನಿ."

"ಈಗ ಮೇಲ್ವಿಚಾರಣೆ ಯಾರು ಮಾಡುತ್ತಾರೆ?"

"ದೇವರಿದಾನೆ."

ಪಾರ್ಕಿನ ಬೆಂಚಿನ ಮೇಲೆ, ವಾಕಿಂಗ್ ಬಂದವರ ಕ್ಷೇಮಸಮಾಚಾರಕ್ಕೆ ಹೂಂಗುಟ್ಟುತ್ತ ಕುಳಿತಿದ್ದು ಮನೆಗೆ ಬಂದರೆ, ಮೇಜಿನ ಮೇಲೆ ಬಾಟಲಿ. ಕುತ್ತಿಗೆಯವರೆಗೆ ಹಾಲು.

"ದೋಷ ಸಿಕ್ತು," ಎಂದಳು ಪತ್ನಿ.

"ಹೌದೇ? ಎಲ್ಲಿತ್ತು?"

"ಪಾರ್ಕಿಗೆ ಹೋಗಿತ್ತು."

ಒಂದು ಪರೀಕ್ಷೆಯಿಂದ ತೀರ್ಮಾನಕ್ಕೆ ಬರುವುದು ಅವೈಜ್ಞಾನಿಕವೆಂದು ನಾನು ಪ್ರತಿಭಟಿಸಿದೆ. ಮರುಪರೀಕ್ಷೆಗೆ ಒತ್ತಾಯಿಸಿ, ಮಧ್ಯಾಹ್ನ ಮನೆಯಲ್ಲೇ ಉಳಿದೆ. ಮಾತಾಡಲಿಲ್ಲ, ಕೆಮ್ಮಲಿಲ್ಲ, ಅಡುಗೆಮನೆಯ ಆಚೆಯ ಬಟ್ಟೆ ಒಗೆಯುವ ಜಾಗದಲ್ಲಿ ಬಕೆಟ್ಟಿನ ಪಕ್ಕ ನಿಂತಿದ್ದೆ. ಬಾಟಲಿಯಲ್ಲಿ ಬಂದದ್ದು ತಳಮಟ್ಟ.

"ನಾನು ಉಸಿರು ಕೂಡ ಬಿಗಿಹಿಡಿದಿದ್ದೆ," ಎಂದೆ.

"ಅದೇ ಕೇಳಿಸ್ತಿತ್ತು ಮಾವ," ಎಂದಳು ಸೊಸೆ.

ಸಂಜೆ ಮತ್ತೆ ನನ್ನನ್ನು ಪಾರ್ಕಿಗೆ ಕಳಿಸಿ, ಸೋಮವಾರದ ಮಟ್ಟಿಗೆ ಸಾಕಾಗುವಷ್ಟು ಹಾಲನ್ನು ಫ್ರಿಜ್ಜಿನಲ್ಲಿ ಶೇಖರಿಸಿದರು. ನಾಳೆಯ ಹಾಲನ್ನು ಇಂದು ಲ್ಯಾಬಿನಲ್ಲಿ ತೆಗೆದು ತರುವುದು, ನಾಡಿದ್ದಿನದನ್ನು ನಾಳೆ, ಹೀಗೆ ಸರಪಣಿ. ಕೊಂಡಿ ಒಂದು ಕಡೆ ತಪ್ಪಿದರೂ ಕೆಲಸ ಹೋದಂತೆಯೇ. ಆದರೂ ಸೋಮವಾರ ಬೆಳಿಗ್ಗೆ ಸೊಸೆ ಪಂಪಿನ ಚೀಲ ಹೆಗಲಿಗೆ ಹಾಕಿಕೊಂಡು, ಮಗುವಿಗೆ ಮುತ್ತುಕೊಟ್ಟು, ತಿರುಗಿ ನೋಡದೆ ಹೊರಟಳು. ಲ್ಯಾಬಿನಲ್ಲಿ ನಾನಿರುವುದಿಲ್ಲವಾದ್ದರಿಂದ ಹಾಲು ಧಾರಾಕಾರವಾಗಿ ಹರಿಯುವುದೆಂದು ಮನೆಯಲ್ಲಿ ಎಲ್ಲರೂ ನಂಬಿದ್ದರು. ಈ ನಂಬಿಕೆಯನ್ನು ಅವರು ನನ್ನೆದುರೇ ವ್ಯಕ್ತಪಡಿಸಿದ್ದು ನನಗೆ ನೋವು ತಂದಿತು.

ಮಧ್ಯಾಹ್ನ ಫೋನು ಬಂತು. ಪತ್ನಿ ಸ್ಪೀಕರಿಗೆ ಹಾಕಿದಳು.

"ಅತ್ತೆ, ಒಂದು ತೊಟ್ಟೂ ಬರ್ತಿಲ್ಲ." ಸೊಸೆಯ ದನಿ ಸಣ್ಣಗಾಗಿತ್ತು. "ಸ್ಟೋರ್ ರೂಮ್ ಕೊಟ್ಟಿದಾರೆ. ಸುತ್ತ ಕಪಾಟಿನ ತುಂಬ ದವಡೆ ಅಚ್ಚು, ಎಲ್ಲ ನನ್ನನ್ನೇ ನೋಡಿ ಹಲ್ಲು ಕಿರಿತಿವೆ. ಯಜಮಾನ್ರು ಬಾಗಿಲ ಹತ್ರ ಬಂದು ಬಂದು 'ಮುಗೀತಾ' ಅಂತಾರೆ."

(ಜಗತ್ತಿನಲ್ಲಿ ನಾನೊಬ್ಬನೇ ಅಲ್ಲವೆಂದು ತಿಳಿದು ಒಂದು ಕ್ಷಣ ಸಮಾಧಾನವಾಯಿತು. ಅದನ್ನು ತೋರಗೊಡಲಿಲ್ಲ.)

"ನಾಳೆ ಮಗುವಿಗೆ ಏನ್ ಕೊಡೋದು ಅತ್ತೆ? ಇನ್ನೊಂದ್ ಸಲ ನೋಡ್ತೀನಿ. ಆಗ್ಲಿಲ್ಲ ಅಂದ್ರೆ ಸಂಜೆ ಅವ್ರಿಗೆ ಹೇಳಿಬಿಡ್ತೀನಿ, ನನ್ನ ಕೈಲಾಗಲ್ಲ ಅಂತ."

ಪತ್ನಿ ಫೋನಿಟ್ಟು ಮಗುವಿನ ಕಡೆ ನೋಡಿದಳು. "ಮಗು ದನಿ ಕೇಳ್ಬೇಕು ಅವಳು," ಎಂದಳು. "ನಮ್ಮ ಮಗ ಹುಟ್ಟಿದಾಗ, ಪಕ್ಕದ ಮನೆ ಮಗು ಅತ್ರೂ ನನ್ನ ಬಟ್ಟೆ ಒದ್ದೆ ಆಗ್ತಿತ್ತು."

"ಈ ಮಾಹಿತಿಯನ್ನು ನನಗೆ ಇದುವರೆಗೆ ಯಾಕೆ ಕೊಟ್ಟಿರಲಿಲ್ಲ?"

"ಕೊಟ್ಟಿದ್ರೆ ಅದಕ್ಕೊಂದು ಮೀಟರ್ ಹಾಕ್ತಿದ್ರಿ. ಈಗ ಮಗು ಹಸಿದು ಏಳೋ ಹೊತ್ತು. ಎತ್ಕೊಳ್ಳಿ, ಫೋನ್ ಹತ್ರ ಹಿಡೀರಿ, ಅಳೋದನ್ನ ರೆಕಾರ್ಡ್ ಮಾಡಿ ಕಳಿಸಿ. ನಾನು ಹಾಲು ಬೆಚ್ಚಗೆ ಮಾಡ್ತೀನಿ."

ಕೊಟ್ಟ ಕೆಲಸವನ್ನು ಕೊಟ್ಟ ಹಾಗೆಯೇ ಮಾಡಿದೆ. ಮಗುವನ್ನು ಎತ್ತಿಕೊಂಡೆ, ಮಗು ಅತ್ತಿತು, ದಾಖಲಿಸಿದೆ, ಕಳಿಸಿದೆ. ಕಳಿಸುವ ಮುನ್ನ ಅದನ್ನು ಮತ್ತೊಮ್ಮೆ ಹಾಕಿ ಕೇಳಬೇಕಿತ್ತೆಂದು ಈಗ ಎಲ್ಲರೂ ಹೇಳುತ್ತಾರೆ. ಘಟನಾಸ್ಥಳದಲ್ಲಿ ಖುದ್ದು ಹಾಜರಿದ್ದವನಿಗೆ ಮತ್ತೊಮ್ಮೆ ಕೇಳುವ ಅಗತ್ಯವೇನು?

ಆ ಮಧ್ಯಾಹ್ನ ಪತ್ನಿ ಫೋನನ್ನು ಸೆರಗಿನಂತೆ ಕೈಬಿಡದೆ ಹಿಡಿದುಕೊಂಡೇ ಓಡಾಡಿದಳು. ಕರೆ ಬರಲಿಲ್ಲ. ನಾನೂ ಪಾರ್ಕಿಗೆ ಹೋಗಲಿಲ್ಲ. ಹೋಗಲು ಕಾರಣವಿರಲಿಲ್ಲ, ಮನಸ್ಸೂ ಇರಲಿಲ್ಲ.

ಸಂಜೆ, ಮಗನೂ ಡ್ಯೂಟಿ ಮುಗಿಸಿ ಬಂದಿದ್ದಾಗ, ಸೊಸೆ ಬಂದಳು. ಚೀಲದಿಂದ ಬಾಟಲಿ ತೆಗೆದು ಮೇಜಿನ ಮೇಲಿಟ್ಟಳು, ತುಂಬಿತ್ತು. ಇನ್ನೊಂದನ್ನು ತೆಗೆದಳು, ಅದೂ ತುಂಬಿತ್ತು. ಪತ್ನಿ ಕುರ್ಚಿಯಲ್ಲಿ ಕುಸಿದು, "ಉಸ್ಸಪ್ಪಾ," ಎಂದಳು. ಸೊಸೆ ಮಗುವನ್ನು ಎತ್ತಿಕೊಂಡು ಅದರ ಕುತ್ತಿಗೆಯಲ್ಲಿ ಮುಖ ಹುದುಗಿಸಿದಳು. ಅವಳ ಭುಜ ಅಲುಗುತ್ತಿತ್ತು. ಅಳುತ್ತಿದ್ದಾಳೆಂದು ನಾನು ತಿಳಿದೆ.

ಸಂದರ್ಭಕ್ಕೆ ತಕ್ಕ ನಾಲ್ಕು ಮಾತು ಆಡುವುದು ಹಿರಿಯನ ಧರ್ಮ. "ಶಿಶುವಿನ ಕರೆಗೆ ತಾಯಿಯ ಶರೀರ ಸ್ಪಂದಿಸುವ ಈ ಪ್ರಕ್ರಿಯೆ," ಎಂದು ಆರಂಭಿಸಿದೆ, "ನಿಸರ್ಗದ ಅತ್ಯಂತ..."

"ಮಗು ಕರೆ ಎಲ್ಲಿ ಕೇಳಿಸ್ತು ಮಾವ?" ಎಂದಳು ಸೊಸೆ. ಅವಳು ಅಳುತ್ತಿರಲಿಲ್ಲ. ಫೋನು ತೆಗೆದು ಮೇಜಿನ ಮೇಲಿಟ್ಟು ಒತ್ತಿದಳು.

ಆರಂಭದಲ್ಲಿ ಮಗು ಒಂದಿಷ್ಟು ಅತ್ತದ್ದು ನಿಜ. ಅನಂತರ ಕೇಳಿಸಿದ್ದು ನನ್ನ ಧ್ವನಿ.

"ಅಮ್ಮಣ್ಣೀ, ಅಳುವ ಹಕ್ಕು ತಮಗಿದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಸರಬರಾಜು ವಿಳಂಬವಾಯಿತೆಂದು ಗ್ರಾಹಕರು ಸಿಬ್ಬಂದಿಯ ಮೂಗು ಹಿಡಿದು ಎಳೆಯುವ ಪದ್ಧತಿ ಎಲ್ಲಿಯೂ ಇಲ್ಲ. ಮೂಗು ಬಿಡಿ. ಬಿಡಿ ಅಂದರೆ ಕನ್ನಡಕ ಹಿಡಿಯಿರಿ ಎಂದು ಅರ್ಥವಲ್ಲ. ತಮ್ಮ ಅಹವಾಲು ಅಡುಗೆಮನೆಯಲ್ಲಿ ಪರಿಶೀಲನೆಯಲ್ಲಿದೆ, ಬೆಚ್ಚಗಾಗುತ್ತಿದೆ. ಅಲ್ಲಿಯವರೆಗೆ ಶಾಂತಿ ಕಾಪಾಡಬೇಕು. ಹಾಂ, ಹಾಗೆ. ನಕ್ಕರೆ ಎಷ್ಟು ಚೆನ್ನ... ಇದೇನು? ಬಿಸಿಬಿಸಿ? ಇವಳೇ, ಏ ಇವಳೇ, ಬೇಗ ಬಾ ಇಲ್ಲಿ. ಕೆಳಗಡೆ ಮುಖ್ಯ ಕೊಳವೆ ಒಡೆದಿದೆ. ನನ್ನ ಪಂಚೆ ಮುಳುಗಡೆ ಪ್ರದೇಶವಾಗಿದೆ."

ಇಷ್ಟರಲ್ಲಿ ಮಗ ಮೇಜಿನ ಮೇಲೆ ತಲೆಯಿಟ್ಟಿದ್ದ. ಪತ್ನಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು.

"ನಾನೊಬ್ಬಳೇ ಕೂತಿದ್ದೆ ಮಾವ, ಬೇಜಾರಲ್ಲಿ. ಇದನ್ನ ಕೇಳಿ ನಗು ಶುರುವಾಯ್ತು ನೋಡಿ, ತಡೆಯೋಕೇ ಆಗ್ಲಿಲ್ಲ. ನಗ್ತಾ ನಗ್ತಾ ಬಾಟ್ಲಿ ನೋಡಿದ್ರೆ ಹಾಲು ಜರ್ ಅಂತ ಬರ್ತಿದೆ. ಪಕ್ಕದಲ್ಲಿ ಕೆಲಸ ಮಾಡೋ ಹೆಂಗಸ್ರು ಏನಾಯ್ತು ಅಂತ ಬಂದ್ರು, ಅವ್ರಿಗೂ ಕೇಳಿಸ್ದೆ. ಎರಡನೇ ಬಾಟ್ಲಿ ಹಾಕ್ಬೇಕಾಯ್ತು. ಯಜಮಾನ್ರು ಬೈಯೋಕೆ ಅಂತ ಬಂದವ್ರು ಬಾಗಿಲ ಹೊರಗಿಂದಾನೇ 'ಇನ್ನೊಂದ್ ಸಲ ಹಾಕ್ರಿ' ಅಂದ್ರು."

"ಯಜಮಾನರೂ ಕೇಳಿದರೇ?"

"ಇನ್ಮೇಲೆ ಆ ಹೊತ್ತಲ್ಲಿ ಬಾಗಿಲ ಹತ್ರ ಬರಲ್ಲ ಅಂದಿದಾರೆ. ಕುರ್ಚಿ ನಂದೇ. ಆದ್ರೆ ಮಾವ, ನಾಳೆಗೆ ಹೊಸದು ಬೇಕು. ಒಂದಕ್ಕೇ ಎರಡನೇ ದಿನಾನೂ ನಗು ಬರಲ್ಲ. ಆದಷ್ಟೂ ಸಿಟ್ಟಲ್ಲೇ ಮಾತಾಡಿ, ಅದೇ ಚೆನ್ನಾಗಿರುತ್ತೆ."

ನಾನು ಎದ್ದು ನಿಂತೆ. ಒಬ್ಬ ನಿವೃತ್ತ ಅಧಿಕಾರಿಯ ವಿವೇಕದ ಮಾತುಗಳನ್ನು, ಆತನ ಪೂರ್ವಾನುಮತಿಯಿಲ್ಲದೆ, ಹಲ್ಲಿನ ಲ್ಯಾಬಿನ ಸ್ಟೋರ್ ರೂಮಿನಲ್ಲಿ ಹಾಲು ಹಿಂಡುವ ಸಾಧನವಾಗಿ ಬಳಸಿರುವುದು ಎಷ್ಟರಮಟ್ಟಿಗೆ ಸರಿ ಎಂದು ಪ್ರಶ್ನಿಸಿದೆ. ನನ್ನ ಅಧೀನದಲ್ಲಿ ದೈತ್ಯ ಮೋಟಾರುಗಳು ನಡುಗುತ್ತಿದ್ದವೆಂದು ನೆನಪಿಸಿದೆ. ಮುಖ್ಯ ಕೊಳವೆಯ ಬಗ್ಗೆ ನಾನಾಡಿದ ಮಾತು ತಾಂತ್ರಿಕವಾಗಿ ದೋಷರಹಿತವಾದುದೆಂದೂ ಅದರಲ್ಲಿ ನಗುವಂಥದ್ದೇನೂ ಇಲ್ಲವೆಂದೂ ವಿವರಿಸಿದೆ. ಯಾರೂ ಮಧ್ಯೆ ಬಾಯಿಹಾಕಲಿಲ್ಲ. ಈ ಮನೆಯಲ್ಲಿ ನನ್ನ ಮಾತನ್ನು ಇಷ್ಟು ಹೊತ್ತು, ಇಷ್ಟು ಗೌರವದಿಂದ ಆಲಿಸಿದ್ದು ಅದೇ ಮೊದಲು. ಆ ಉತ್ಸಾಹದಲ್ಲಿ ಇಲಾಖೆಯ ಇತಿಹಾಸಕ್ಕೂ ಕೈಹಾಕಿದೆ. ಗಂಟಲು ಒಣಗಿ, ನೀರಿನ ಜಗ್ಗಿಗೆಂದು ಕೈ ಚಾಚಿದಾಗ ಕಾಣಿಸಿತು. ಜಗ್ಗಿನ ಹಿಂದೆ ಪತ್ನಿ ಫೋನನ್ನು ನನ್ನತ್ತ ಹಿಡಿದು ಕುಳಿತಿದ್ದಳು.

"ನೀರು ಕುಡ್ಕೊಂಡು ಮುಂದುವರಿಸಿ," ಎಂದಳು. "ಇಷ್ಟು ಒಂದು ಬಾಟ್ಲಿಗೆ ಮಾತ್ರ ಸಾಕಾಗುತ್ತೆ."